ಏರ್‌ಗನ್ ಹಿಡಿದ ಹುಡುಗ ಹಕ್ಕಿಗಳ ಲೆಕ್ಕಿಗನಾದ ಕಥೆ

ದಸರಾ ವಸ್ತುಪ್ರದರ್ಶನದಲ್ಲೋ ಊರ ಜಾತ್ರೆಯಲ್ಲೋ ಹಲಗೆಯ ಮೇಲೆ ಸಾಲಾಗಿ ಕಟ್ಟಿದ ಬಲೂನುಗಳಿಗೆ ಗುರಿಯಿಟ್ಟವರಿಗೆ ಏರ್‌ಗನ್ ಎಂದರೇನೆಂದು ವಿವರಿಸಬೇಕಿಲ್ಲ. ಮದ್ದಿಲ್ಲ, ಹೊಗೆಯಿಲ್ಲ. ಒತ್ತಿಹಿಡಿದ ಗಾಳಿಯ ಬಲದಿಂದ ಚಿಕ್ಕದೊಂದು ಗುಂಡು ಹಾರುತ್ತದೆ. ಬಲೂನಿನ ಯಾವ ಭಾಗಕ್ಕೆ ತಗುಲಿದರೂ ಅದು ಒಡೆಯುತ್ತದೆ. ಅದೇ ನಳಿಗೆಯನ್ನು ಹಕ್ಕಿಯ ಕಡೆಗೆ ತಿರುಗಿಸಿದರೆ ಲೆಕ್ಕವೇ ಬೇರೆ. ಗುಂಡು ಎಲ್ಲಿ ತಗುಲಿತು ಎಂಬುದರ ಮೇಲೆ ಆ ಜೀವ ಕ್ಷಣದಲ್ಲಿ ಹೋಗುವುದೋ, ರೆಕ್ಕೆ ಮುರಿದುಕೊಂಡು ಬೇಲಿಯ ಸಂದಿಯಲ್ಲಿ ದಿನಗಟ್ಟಲೆ ನರಳುವುದೋ ನಿರ್ಧಾರವಾಗುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದ ಮುಂಬಯಿಯಲ್ಲಿ ಹತ್ತು ವರ್ಷದ ಆಸುಪಾಸಿನ ಬಾಲಕನೊಬ್ಬನ ಕೈಯಲ್ಲಿ ಇಂಥದೊಂದು ಆಟಿಕೆ ಏರ್‌ಗನ್ ಇತ್ತು. ಆತ ಹೊಡೆಯುತ್ತಿದ್ದುದು ಗುಬ್ಬಚ್ಚಿಗಳನ್ನು. ಮುಂದೆ ಭಾರತದ ಪಕ್ಷಿಮಾನವ ಎಂಬ ಹೆಸರು ಪಡೆದ ಡಾ. ಸಲೀಂ ಅಲಿಯವರ ಬದುಕಿನ ಕಥೆ ಆರಂಭವಾಗುವುದು ಅಲ್ಲಿಂದಲೇ. ಸಾಮಾನ್ಯವಾಗಿ ಈ ಕಥೆಯನ್ನು ಹಿಂಸೆಯಿಂದ ಅಹಿಂಸೆಗೆ ಹೊರಳಿದ ಮನಪರಿವರ್ತನೆಯ ಕಥೆಯಾಗಿ ಹೇಳುವುದುಂಟು. ವಾಸ್ತವ ಅಷ್ಟು ಸರಳವಲ್ಲ. ಸಲೀಂ ಅಲಿ ಬಂದೂಕನ್ನು ಕೆಳಗಿಟ್ಟವರಲ್ಲ. ಅದನ್ನು ಎತ್ತುವ ಮುನ್ನ ಏನೇನು ತಿಳಿದಿರಬೇಕು ಎಂಬುದನ್ನು ಜೀವನಪರ್ಯಂತ ಬಿಗಿಗೊಳಿಸುತ್ತ ಹೋದವರು.

ಹಳದಿ ಕಲೆಯ ಗುಬ್ಬಿ

1896ರ ನವೆಂಬರ್ 12ರಂದು ಮುಂಬಯಿಯ ಸುಲೇಮಾನಿ ಬೋಹ್ರಾ ಕುಟುಂಬವೊಂದರ ಕಿರಿಯ ಮಗುವಾಗಿ ಸಲೀಂ ಜನಿಸಿದರು. ವರ್ಷ ತುಂಬುವಷ್ಟರಲ್ಲಿ ತಂದೆ ಮೊಯಿಜುದ್ದೀನ್ ತೀರಿಕೊಂಡರು. ಮೂರನೆಯ ವಯಸ್ಸಿಗೆ ತಾಯಿ ಜೀನತ್ ಉನ್ನಿಸಾ ಕೂಡ ಇಲ್ಲವಾದರು. ಅನಾಥರಾದ ಮಕ್ಕಳನ್ನು ಸಾಕಿದವರು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ. ಸ್ವಾತಂತ್ರ್ಯ ಹೋರಾಟಗಾರ ಅಬ್ಬಾಸ್ ತ್ಯಾಬ್ಜಿ ಇದೇ ಮನೆತನದವರು.

ಖೇತವಾಡಿಯ ಆ ಮನೆಯಲ್ಲಿ ಬೇಟೆಯೆಂಬುದು ಗೌರವದ ಹವ್ಯಾಸ. ಅಮೀರುದ್ದೀನ್ ಸ್ವತಃ ಶಿಕಾರಿಯ ಪ್ರೇಮಿ. ನೆರೆಹೊರೆಯ ಹುಡುಗರ ನಡುವೆ ಗುರಿ ಹೊಡೆಯುವ ಪಂದ್ಯಗಳು ನಡೆಯುತ್ತಿದ್ದವು. ಆ ಆಟದ ಗುಂಪಿನಲ್ಲಿ ಗುರಿಕಾರಿಕೆಗೆ ಹೆಸರಾಗಿದ್ದ ದೂರದ ಸಂಬಂಧಿಯೊಬ್ಬ ಇಸ್ಕಂದರ್ ಮಿರ್ಜಾ. ಮುಂದೆ ಪಾಕಿಸ್ತಾನದ ಮೊದಲ ಅಧ್ಯಕ್ಷನಾದವನೂ ಆತನೇ. ಇಬ್ಬರೂ ಏರ್‌ಗನ್ ಹಿಡಿದು ಅಲೆದ ಹುಡುಗರು. ಒಬ್ಬ ಸೇನೆ, ರಾಜಕೀಯದ ದಾರಿ ಹಿಡಿದ, ಇನ್ನೊಬ್ಬ ಹಕ್ಕಿಗಳ ಹಿಂದೆ ಹೋದ.

ಆ ಕಾಲದ ಒಂದು ಘಟನೆಯನ್ನು ಸಲೀಂ ಬಾಲ್ಯದ ಟಿಪ್ಪಣಿಯಲ್ಲಿ ದಾಖಲಿಸಿದ್ದರು. ಇಳಿವಯಸ್ಸಿನ ಆತ್ಮಕಥೆಯಲ್ಲಿ ಅದನ್ನು ಮುಚ್ಚಿಡದೆ ಹೊರಗಿಟ್ಟರು. ಕುದುರೆ ಲಾಯದ ಗೋಡೆಯ ರಂಧ್ರದಲ್ಲಿ ಗುಬ್ಬಚ್ಚಿಯ ಗೂಡು. ಒಳಗೆ ಹೆಣ್ಣು ಕಾವು ಕೂತಿದೆ. ಹೊರಗಿನ ಮೊಳೆಯ ಮೇಲೆ ಗಂಡು ಕಾವಲಿಗಿದೆ. ನಿಲ್ಲಿಸಿದ್ದ ಸಾರೋಟಿನ ಹಿಂದೆ ಅಡಗಿದ ಬಾಲಕ ಗಂಡನ್ನು ಹೊಡೆದುರುಳಿಸಿದ. ಸ್ವಲ್ಪ ಹೊತ್ತಿಗೆಲ್ಲ ಮತ್ತೊಂದು ಗಂಡು ಅದೇ ಮೊಳೆಯ ಮೇಲೆ ಬಂದು ಕೂತಿತು. ಅದನ್ನೂ ಹೊಡೆದ. ಮತ್ತೊಂದು ಬಂತು. ಹೀಗೆ ಏಳು ದಿನಗಳಲ್ಲಿ ಎಂಟು ಗಂಡುಗುಬ್ಬಿಗಳು ಬಿದ್ದವು.

ಇಂದು ಓದುವಾಗ ಇದು ಮೈನಡುಗಿಸುತ್ತದೆ. ಗೂಡು ಕಟ್ಟುವ ಕಾಲದಲ್ಲಿ, ಸಂಸಾರ ನಡೆಸುತ್ತಿದ್ದ ಹಕ್ಕಿಗಳನ್ನು, ಕಾರಣವಿಲ್ಲದೆ ಕೊಂದ ದಾಖಲೆ ಅದು. ಆದರೆ ಅದರೊಳಗೇ ಇನ್ನೊಂದು ಸಂಗತಿಯೂ ಇದೆ. ಬಾಲಕ ಎಣಿಸಿದ್ದಾನೆ. ದಿನ ಬರೆದಿಟ್ಟಿದ್ದಾನೆ. ಖಾಲಿಯಾದ ಜಾಗಕ್ಕೆ ಹೊಸ ಗಂಡು ಎಷ್ಟು ಬೇಗ ಬರುತ್ತದೆ ಎಂಬುದನ್ನು ಗಮನಿಸಿದ್ದಾನೆ. ಉಪದ್ರವ ಕೊಡುವ ಹಕ್ಕಿಗಳನ್ನು ಗುಂಡಿನಿಂದ ತಗ್ಗಿಸಲು ಹೊರಟವರೆಲ್ಲ ಎದುರಿಸುವ ಮೊದಲ ಸತ್ಯವೂ ಇದೇ: ಆಹಾರ ಮತ್ತು ಗೂಡಿನ ತಾಣ ಹಾಗೆಯೇ ಉಳಿದಿದ್ದರೆ ಒಂದು ಹಕ್ಕಿಯನ್ನು ಕೊಂದ ಜಾಗಕ್ಕೆ ಮತ್ತೊಂದು ಬಂದು ಕೂರುತ್ತದೆ.

ಇನ್ನೊಂದು ದಿನ ಬಿದ್ದ ಗುಬ್ಬಿಯ ಕತ್ತಿನ ಮೇಲೆ ಹಳದಿ ಕಲೆಯಿತ್ತು. ಎಂದಿನ ಗುಬ್ಬಚ್ಚಿಯಂತಿಲ್ಲದ ಆ ಹಕ್ಕಿಯನ್ನು ತಿನ್ನಬಹುದೇ ಎಂಬ ಸಂಶಯ ಬಂದು ಬಾಲಕ ಅದನ್ನು ಮಾವನ ಬಳಿಗೊಯ್ದ. ಮಾವನಿಗೂ ಗುರುತು ಹತ್ತಲಿಲ್ಲ. ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸದಸ್ಯರಾಗಿದ್ದರು. ಅದರ ಗೌರವ ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲ್ಲರ್ಡ್ ಅವರಿಗೊಂದು ಚೀಟಿ ಬರೆದು ಹುಡುಗನನ್ನು ಕಳುಹಿಸಿದರು. 1883ರಲ್ಲಿ ಸ್ಥಾಪನೆಯಾಗಿದ್ದ ಆ ಸಂಸ್ಥೆ ಆಗ ಬಹುಮಟ್ಟಿಗೆ ಬಿಳಿಯರ ಕೂಟ. ಕಾಗದದ ಪೊಟ್ಟಣದಲ್ಲಿ ಸತ್ತ ಗುಬ್ಬಿ ಹಿಡಿದು ಅಳುಕುತ್ತ ಒಳಹೊಕ್ಕ ಬಾಲಕನನ್ನು ಮಿಲ್ಲರ್ಡ್ ಆದರದಿಂದ ಬರಮಾಡಿಕೊಂಡರು. ಅದು ಹಳದಿ ಕತ್ತಿನ ಗುಬ್ಬಿ ಎಂದು ಗುರುತಿಸಿ, ಬೀರುವಿನ ಖಾನೆಗಳನ್ನೆಳೆದು ಒಂದರ ಪಕ್ಕ ಒಂದರಂತೆ ಜೋಡಿಸಿಟ್ಟ ಹಕ್ಕಿಗಳ ಒಣಚರ್ಮಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನೂ ಕೊಟ್ಟರು. ಅವುಗಳಲ್ಲೊಂದು ಈಹಾ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್ ಅವರ, ಮುಂಬಯಿಯ ಸಾಮಾನ್ಯ ಹಕ್ಕಿಗಳ ಕುರಿತ ಕೃತಿ. ಸುಂಕದ ಇಲಾಖೆಯ ಅಧಿಕಾರಿಯಾಗಿದ್ದ ಐಟ್ಕನ್ ನಮ್ಮ ಉತ್ತರ ಕನ್ನಡದಲ್ಲೂ ಕೆಲಸ ಮಾಡಿದವರು.

ಹಕ್ಕಿಯ ಚರ್ಮ ಸುಲಿದು, ಒಳಗೆ ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ ಕಾಯ್ದಿಡುವ ವಿದ್ಯೆಯನ್ನೂ ಅಲ್ಲೇ ಕಲಿಸಲಾಯಿತು. ಅಂದಿನಿಂದ ಹೊಡೆದ ಹಕ್ಕಿ ಅಡುಗೆಮನೆಗೆ ಹೋಗುವ ಬದಲು ಟಿಪ್ಪಣಿ ಪುಸ್ತಕಕ್ಕೆ ಹೋಯಿತು.

ಅಲೆದಾಟದ ವರ್ಷಗಳು

ಓದಿನಲ್ಲಿ ಅವರು ಚುರುಕಾಗಿರಲಿಲ್ಲ. ದೀರ್ಘಕಾಲದ ತಲೆನೋವು ಬೇರೆ. 1913ರಲ್ಲಿ ಹೇಗೋ ಮೆಟ್ರಿಕ್ ಮುಗಿಸಿ ಮರುವರ್ಷ ಬರ್ಮಾಕ್ಕೆ ಹೋದರು. ತವಾಯ್ ಪ್ರದೇಶದಲ್ಲಿ ಕುಟುಂಬಕ್ಕೆ ಗಣಿ ಮತ್ತು ಮರದ ವ್ಯವಹಾರವಿತ್ತು. ವ್ಯವಹಾರ ಕೈಹತ್ತಲಿಲ್ಲ, ಕಾಡು ಹತ್ತಿತು. ಮುಂಬಯಿಗೆ ಮರಳಿ ವಾಣಿಜ್ಯ ಶಿಕ್ಷಣದ ಜತೆಗೇ ಸೇಂಟ್ ಜೇವಿಯರ್ಸ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದರು. 1918ರಲ್ಲಿ ತೆಹಮೀನಾ ಅವರೊಂದಿಗೆ ವಿವಾಹವಾಯಿತು. 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಮಾರ್ಗದರ್ಶಿ ಉಪನ್ಯಾಸಕರ ಕೆಲಸ. ಎರಡು ವರ್ಷಗಳಲ್ಲಿ ರಜೆ ಪಡೆದು ಜರ್ಮನಿಗೆ ತೆರಳಿ ಬರ್ಲಿನ್‌ನಲ್ಲಿ ಎರ್ವಿನ್ ಸ್ಟ್ರೆಸೆಮನ್ ಅವರ ಬಳಿ ಶಿಷ್ಯವೃತ್ತಿ. ಹೆಲಿಗೋಲೆಂಡ್ ದ್ವೀಪದಲ್ಲಿ ವಲಸೆ ಹಕ್ಕಿಗಳನ್ನು ಜೀವಂತ ಹಿಡಿದು ಕಾಲಿಗೆ ಉಂಗುರ ತೊಡಿಸಿ ಬಿಡುವುದನ್ನು ಕಂಡದ್ದು ಆಗಲೇ. ಹಕ್ಕಿಯನ್ನು ಕೊಲ್ಲದೆಯೂ ಅದರ ಬಗ್ಗೆ ತಿಳಿಯಬಹುದೆಂಬ ಆ ಪಾಠ ಮುಂದೆ ಕರ್ನಾಟಕಕ್ಕೂ ಸಂಬಂಧಿಸಿದ ಕೆಲಸವೊಂದಕ್ಕೆ ಒದಗಲಿತ್ತು.

1930ರಲ್ಲಿ ಮರಳಿದಾಗ ಕೆಲಸ ಉಳಿದಿರಲಿಲ್ಲ. ದಂಪತಿ ಅಲಿಬಾಗ್ ಬಳಿಯ ಕಿಹೀಮ್ ಎಂಬ ಕಡಲತಡಿಯ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿ ಗೀಜಗಗಳು ಗೂಡು ಕಟ್ಟಿದ್ದವು. ಭತ್ತ, ಜೋಳ, ಸಜ್ಜೆ ಬೆಳೆಯುವ ರೈತರು ಹಿಂಡುಹಿಂಡಾಗಿ ಬಂದೆರಗುವ ಗೀಜಗವನ್ನು ಶಪಿಸುವುದು ಇಂದಿಗೂ ಇದೆ. ಸಲೀಂ ಅಲಿ ಆ ಉಪದ್ರವಿಯ ಸಂಸಾರವನ್ನು ತಿಂಗಳುಗಟ್ಟಲೆ ಕಾದು ನೋಡಿದರು. ಗಂಡು ಅರ್ಧ ಗೂಡು ಹೆಣೆದು ನಿಲ್ಲಿಸುತ್ತದೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸಿ ಒಪ್ಪಿದರೆ ಮಾತ್ರ ಗೂಡು ಪೂರ್ಣಗೊಳ್ಳುತ್ತದೆ. ಅದು ಮೊಟ್ಟೆಯಿಟ್ಟ ಮೇಲೆ ಗಂಡು ಮತ್ತೊಂದು ಗೂಡಿಗೆ, ಮತ್ತೊಬ್ಬಳು ಸಂಗಾತಿಗೆ ತೊಡಗುತ್ತದೆ. ಅವರಿಗೆ ಅಂತರರಾಷ್ಟ್ರೀಯ ಮನ್ನಣೆ ತಂದುಕೊಟ್ಟ ಆರಂಭದ ಅಧ್ಯಯನಗಳಲ್ಲಿ ಇದೂ ಒಂದು. ಅದು ಸಿದ್ಧವಾದದ್ದು ಬಂದೂಕಿನಿಂದಲ್ಲ, ಏಣಿಯ ಮೇಲಿಟ್ಟ ಕಣ್ಣುಗಳಿಂದ. ಲಾಯದ ಗುಬ್ಬಿಗಳನ್ನು ಹೊಡೆದ ಹುಡುಗನೇ ಇವನು ಎಂದು ನಂಬಲು ತುಸು ಸಮಯ ಬೇಕು.

ಗುರಿ ಎಲ್ಲಿಡಬೇಕು

ಹಾಗಿದ್ದರೂ ಬಂದೂಕು ಅವರ ಸಾಮಾನಿನಲ್ಲಿ ಇದ್ದೇ ಇತ್ತು. 1930ರ ದಶಕದಲ್ಲಿ ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳ ಪಕ್ಷಿ ಸಮೀಕ್ಷೆಗಳನ್ನು ಅವರು ನಡೆಸಿದರು. ಆ ಕಾಲದಲ್ಲಿ ಒಂದು ಪ್ರದೇಶದಲ್ಲಿ ಯಾವ ಉಪಜಾತಿಯ ಹಕ್ಕಿ ಇದೆಯೆಂದು ಸ್ಥಾಪಿಸಲು ಮಾದರಿ ಸಂಗ್ರಹಿಸುವುದೊಂದೇ ಒಪ್ಪಿತ ವಿಧಾನ. ಹಾಗೆ ಸಂಗ್ರಹಿಸಿದ ಸಾವಿರಾರು ಹಕ್ಕಿಗಳ ಬಗ್ಗೆ ಅವರು ಮುಂದೆ ವಿಷಾದದ ದನಿಯಲ್ಲೇ ಬರೆದಿದ್ದಾರೆ. ಆದರೆ ಆ ಸಂಗ್ರಹವಿಲ್ಲದೆ ಭಾರತದ ಹಕ್ಕಿಗಳ ವರ್ಗೀಕರಣ ಮುಂದೆ ಸಾಗುತ್ತಿರಲಿಲ್ಲ ಎಂಬ ನಿಲುವನ್ನು ಬಿಟ್ಟುಕೊಡಲಿಲ್ಲ. ಉದ್ದೇಶವಿಲ್ಲದ ಕೊಲೆ ಅವರ ಪಾಲಿಗೆ ವಿಧ್ವಂಸ. ಭಾವುಕತೆಯಿಂದ ಎಲ್ಲ ಕೊಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೂ ಅವರಿಗೆ ಒಪ್ಪಿಗೆಯಿರಲಿಲ್ಲ. ಇದನ್ನು ಒಪ್ಪದ ಪಕ್ಷಿಪ್ರಿಯರು ಅಂದೂ ಇದ್ದರು, ಇಂದೂ ಇದ್ದಾರೆ.

ಮಾದರಿಗಾಗಿ ಹೊಡೆಯುವವನಿಗೆ ಒಂದು ಶಿಸ್ತು ಅನಿವಾರ್ಯ. ಗುಂಡು ದಪ್ಪವಾದರೆ ಪುಟ್ಟ ಹಕ್ಕಿ ಛಿದ್ರವಾಗುತ್ತದೆ. ದೂರ ಹೆಚ್ಚಾದರೆ ಗಾಯಗೊಂಡು ಪೊದೆಗೆ ಸೇರುತ್ತದೆ. ಹತ್ತಿರವಾದರೆ ಚರ್ಮ ಉಳಿಯುವುದಿಲ್ಲ. ಆದ್ದರಿಂದ ಸಂಗ್ರಾಹಕರು ಸಣ್ಣ ಹಕ್ಕಿಗೆ ಸಾಸಿವೆಗಿಂತ ಚಿಕ್ಕ ಚರೆ ತುಂಬಿದ ತೋಟಾ ಬಳಸುತ್ತಾರೆ. ಅಂತರವನ್ನು ಅಳೆದು ನಿಲ್ಲುತ್ತಾರೆ. ಕೂತ ಹಕ್ಕಿಯ ಗುರುತು ಖಚಿತವಾಗುವವರೆಗೆ ಕುದುರೆ ಎಳೆಯುವುದಿಲ್ಲ. ಬಿದ್ದದ್ದನ್ನು ಹುಡುಕದೆ ಜಾಗ ಬಿಡುವುದಿಲ್ಲ.

ಏರ್‌ಗನ್‌ನ ವಿಷಯದಲ್ಲಿ ಈ ಶಿಸ್ತು ಇನ್ನೂ ಕಠಿಣ. ಕೋವಿಯ ತೋಟಾ ಚರೆಗಳ ಮಳೆಯನ್ನೇ ಸುರಿಸುತ್ತದೆ. ಏರ್‌ಗನ್‌ನಿಂದ ಹೊರಡುವುದು ಒಂದೇ ಗುಂಡು, ಅದಕ್ಕೂ ಶಕ್ತಿ ಕಡಿಮೆ. ದೊಡ್ಡ ಬಂದೂಕಿನ ಗುಂಡಿನಂತೆ ಸುತ್ತಲಿನ ಅಂಗಾಂಶವನ್ನು ಅದು ನಾಶ ಮಾಡುವುದಿಲ್ಲ. ತಾನು ಹಾದುಹೋದ ದಾರಿಯನ್ನಷ್ಟೇ ಕೊರೆಯುತ್ತದೆ. ಆ ದಾರಿಯಲ್ಲಿ ಮಿದುಳೋ ಕತ್ತಿನ ಮೇಲ್ಭಾಗದ ಬೆನ್ನುಹುರಿಯೋ ಇದ್ದರೆ ಹಕ್ಕಿ ಆ ಕ್ಷಣವೇ ಸಾಯುತ್ತದೆ. ಹೃದಯ ಮತ್ತು ಶ್ವಾಸಕೋಶದ ಭಾಗವಾದರೆ ಕೆಲವೇ ಕ್ಷಣಗಳು. ಉಳಿದೆಲ್ಲ ಕಡೆ ಯಾತನೆ. ಮಿದುಳೆಂದರೆ ಗುಬ್ಬಚ್ಚಿಯಲ್ಲಿ ಒಂದು ಕಾಳಿನಷ್ಟು. ಪಾರಿವಾಳದಂಥ ದೊಡ್ಡ ಹಕ್ಕಿಯಲ್ಲೂ ಸಾವು ಖಚಿತವೆನಿಸುವ ಜಾಗ ಒಂದು ನಾಣ್ಯದ ಅಗಲವನ್ನು ಮೀರುವುದಿಲ್ಲ. ಎದುರಿನಿಂದ ಹೊಡೆದರೆ ಕಾಳು ತುಂಬಿದ ಗಂಟಲಚೀಲವೇ ಗುಂಡಿನ ವೇಗವನ್ನು ನುಂಗಿಬಿಡಬಹುದು. ಹೊಟ್ಟೆಗೆ ತಗುಲಿದ ಹಕ್ಕಿ ಹಾರಿಹೋಗುತ್ತದೆ, ಹೊಡೆದವನು ಗುರಿ ತಪ್ಪಿತೆಂದುಕೊಳ್ಳುತ್ತಾನೆ. ಹಾರುವ ಹಕ್ಕಿಗೆ ಏರ್‌ಗನ್ ಎತ್ತುವುದಂತೂ ಗಾಯಗೊಳಿಸಲೆಂದೇ ಹೊಡೆದಂತೆ. ಬೆಳೆ, ಗೋದಾಮು ಕಾಯಲು ಕೆಲ ಹಕ್ಕಿಗಳನ್ನು ಹೊಡೆಯಲು ಕಾನೂನು ಅವಕಾಶ ನೀಡುವ ಬ್ರಿಟನ್ನಿನಂಥ ದೇಶಗಳಲ್ಲಿ ಅನುಭವಿಗಳು ಹೊಸಬರಿಗೆ ಮೊದಲು ಕಲಿಸುವುದು ಇದನ್ನೇ: ಕಾಗದದ ಮೇಲೆ ನಾಣ್ಯದಷ್ಟು ವೃತ್ತ ಬರೆದು ಪ್ರತಿ ಗುಂಡೂ ಅದರೊಳಗೆ ಬೀಳುವ ದೂರ ಎಷ್ಟೋ ಅಷ್ಟೇ ನಿಮ್ಮ ಎಲ್ಲೆ. ಗೂಡಿನಲ್ಲಿ ಮರಿಗಳಿರುವ ಕಾಲದಲ್ಲಿ ತಾಯಿ ತಂದೆಯನ್ನು ಹೊಡೆದರೆ ಗುರಿ ಎಷ್ಟೇ ನಿಖರವಾದರೂ ಮರಿಗಳ ಸಾವು ನಿಧಾನದ್ದು.

ಲಾಯದ ಹುಡುಗನ ಆಟಿಕೆ ಏರ್‌ಗನ್ ಈ ಯಾವ ಪರೀಕ್ಷೆಯಲ್ಲೂ ತೇರ್ಗಡೆಯಾಗುತ್ತಿರಲಿಲ್ಲ.

ಇಲ್ಲಿ ನಮ್ಮ ಕಾನೂನಿನ ಮಾತೂ ಬರಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳಂತೆ 4.5 ಮಿಲಿಮೀಟರ್ ವ್ಯಾಸ ಮತ್ತು 20 ಜೌಲ್ ಶಕ್ತಿಯನ್ನು ಮೀರದ ಏರ್‌ಗನ್‌ಗೆ ಪರವಾನಗಿ ಬೇಕಿಲ್ಲ. ಅದನ್ನು ಕೊಂಡವರು ಹಕ್ಕಿ ಹೊಡೆಯಲೂ ಅನುಮತಿ ಸಿಕ್ಕಿತೆಂದು ಭಾವಿಸುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾಗೆ ಹೇಳುವುದಿಲ್ಲ. ಹಿಂದೆ ಕಾಗೆಯಂಥ ಕೆಲವು ಜೀವಿಗಳನ್ನು ಉಪದ್ರವಿಗಳೆಂದು ಪಟ್ಟಿ ಮಾಡಿದ್ದ ಪ್ರತ್ಯೇಕ ಅನುಸೂಚಿಯೂ 2022ರ ತಿದ್ದುಪಡಿಯಲ್ಲಿ ಇಲ್ಲವಾಯಿತು. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಆರಂಭವಾದ ಅಭಿಯಾನದಲ್ಲಿ ಜನರು ತಾವಾಗಿಯೇ ಏರ್‌ಗನ್‌ಗಳನ್ನು ಸರ್ಕಾರಕ್ಕೆ ಒಪ್ಪಿಸಿದರು. ಹಕ್ಕಿಗಳಿಲ್ಲದೆ ಕಾಡು ಮೌನವಾಗುತ್ತಿದೆ ಎಂಬ ಅರಿವು ಅದರ ಹಿಂದಿತ್ತು.

ಮೈಸೂರಿನಲ್ಲಿ

1939 ಸಲೀಂ ಅಲಿಯವರ ಪಾಲಿಗೆ ಕರಾಳ ವರ್ಷ. ಚಿಕ್ಕದೊಂದು ಶಸ್ತ್ರಚಿಕಿತ್ಸೆಯ ನಂತರ ತೆಹಮೀನಾ ತೀರಿಕೊಂಡರು. ಹೈದರಾಬಾದ್, ತಿರುವಾಂಕೂರಿನ ಕಾಡುಗಳಲ್ಲಿ ಡೇರೆಯಿಂದ ಡೇರೆಗೆ ಜತೆಯಾಗಿ ನಡೆದು, ಶಿಬಿರದ ವ್ಯವಸ್ಥೆಯನ್ನೆಲ್ಲ ಹೊತ್ತಿದ್ದವರು ಅವರು. ಮಕ್ಕಳಿರಲಿಲ್ಲ. ಆ ನಂತರ ಸಲೀಂ ಅಲಿ ಅಕ್ಕನ ಕುಟುಂಬದೊಂದಿಗೆ ಉಳಿದರು, ಮರುಮದುವೆಯಾಗಲಿಲ್ಲ.

ಆ ದುಃಖದ ಬೆನ್ನಿಗೇ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ಆರಂಭವಾಯಿತು. 1939-40ರಲ್ಲಿ ನಡೆದ ಈ ಕೆಲಸದ ಫಲಿತಾಂಶ ಸೊಸೈಟಿಯ ನಿಯತಕಾಲಿಕದಲ್ಲಿ 1942-43ರಲ್ಲಿ ಕಂತುಗಳಲ್ಲಿ ಪ್ರಕಟವಾಯಿತು. ಹಳೆಯ ಮೈಸೂರಿನ ಹಕ್ಕಿಗಳ ಕುರಿತು ಇಂದಿಗೂ ಸಂಶೋಧಕರು ಮೊದಲು ಕೈಗೆತ್ತಿಕೊಳ್ಳುವ ದಾಖಲೆ ಅದೇ.

ಆ ದಿನಗಳಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ನೀರುಹಕ್ಕಿಗಳು ಗುಂಪುಗುಂಪಾಗಿ ಗೂಡು ಕಟ್ಟಿರುವುದನ್ನು ಅವರು ಕಂಡರು. ಹಳೆಯ ಒಡ್ಡಿನಿಂದಾಗಿ ರೂಪುಗೊಂಡ ಚಿಕ್ಕ ದ್ವೀಪಗಳು ಅವು. ಅವುಗಳನ್ನು ರಕ್ಷಿತ ತಾಣವೆಂದು ಘೋಷಿಸುವಂತೆ ಮೈಸೂರು ಅರಸೊತ್ತಿಗೆಯನ್ನು ಒಪ್ಪಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ರಜೆಯ ದಿನ ದೋಣಿಯಲ್ಲಿ ಕೂತು ಕೊಕ್ಕರೆಗಳ ಫೋಟೊ ತೆಗೆಯುವ ಬೆಂಗಳೂರಿಗರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆಯೋ ತಿಳಿಯದು.

ಇದರ ಪಕ್ಕಕ್ಕೆ ಅದೇ ಕಾಲದ ಇನ್ನೊಂದು ಲೆಕ್ಕವನ್ನಿಟ್ಟು ನೋಡಬೇಕು. ರಾಜಸ್ಥಾನದ ಭರತಪುರದಲ್ಲಿ 1938ರಲ್ಲಿ ವೈಸರಾಯ್ ಲಾರ್ಡ್ ಲಿನ್‌ಲಿತ್‌ಗೋ ಅವರ ಗೌರವಾರ್ಥ ನಡೆದ ಬೇಟೆಯಲ್ಲಿ ಒಂದೇ ದಿನ 4,273 ಹಕ್ಕಿಗಳು ಸತ್ತವು. ಆ ಸಂಖ್ಯೆಯನ್ನು ಅಲ್ಲಿ ಕಲ್ಲಿನ ಮೇಲೆ ಕೆತ್ತಲಾಗಿದೆ. ಗಾಯಗೊಂಡು ಜೊಂಡಿನಲ್ಲಿ ಮರೆಯಾದವು ಎಷ್ಟೆಂದು ಯಾವ ಕಲ್ಲಿನ ಮೇಲೂ ಇಲ್ಲ. ಸ್ವಾತಂತ್ರ್ಯಾನಂತರ ಆ ಜೌಗು ಪ್ರದೇಶವನ್ನು ಹೊಲಗಳಾಗಿಸುವ ಒತ್ತಡ ಬಂದಾಗ ಅದನ್ನು ಉಳಿಸಲು ಹೋರಾಡಿದವರು ಸಲೀಂ ಅಲಿ.

ಉಪದ್ರವಿ ಯಾರು

ರೈತನಿಗೆ ಹಕ್ಕಿಯಿಂದ ನಷ್ಟವಿಲ್ಲ ಎಂದು ಸಲೀಂ ಅಲಿ ಹೇಳಿದವರಲ್ಲ. ಗಿಳಿಗಳು ತಿನ್ನುವುದಕ್ಕಿಂತ ಕಡಿದು ಕೆಡವುವುದೇ ಹೆಚ್ಚು ಎಂಬುದು ಮಾವು, ಪೇರಲ, ಸೂರ್ಯಕಾಂತಿ ಬೆಳೆದವರಿಗೆಲ್ಲ ಗೊತ್ತು. ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿ, ಡಬ್ಬ ಬಡಿದು ತೆನೆ ಕಾಯುವ ಕಷ್ಟ ನಮ್ಮ ಬಯಲುಸೀಮೆಗೆ ಹೊಸದಲ್ಲ. ಅವರು ಕೇಳುತ್ತಿದ್ದುದು ಪೂರ್ಣ ಲೆಕ್ಕವನ್ನು. ತೆನೆ ಬಲಿತ ಎರಡು ವಾರ ಕಾಳು ತಿಂದ ಹಕ್ಕಿ ಉಳಿದ ಐವತ್ತು ವಾರ ಏನು ತಿಂದಿತು? ಗುಬ್ಬಚ್ಚಿ, ಗೀಜಗಗಳು ಕಾಳುಬಾಕಗಳೇ ಸರಿ, ಮರಿಗಳಿಗೆ ಉಣಿಸುವುದು ಮಾತ್ರ ಬಹುಪಾಲು ಹುಳುಗಳನ್ನು. ಒಂದು ತಿಂಗಳಲ್ಲಿ ಕಳ್ಳನಾದದ್ದು ಇನ್ನೊಂದು ತಿಂಗಳಲ್ಲಿ ಕೂಲಿಯಾಳು.

ಈ ಬಗೆಯ ಲೆಕ್ಕ ಭಾರತದಲ್ಲಿ ಅವರಿಗಿಂತ ಮೊದಲೇ ಶುರುವಾಗಿತ್ತು. ಬಿಹಾರದ ಪೂಸಾದಲ್ಲಿ ಹಕ್ಕಿಗಳ ಜಠರ ಸೀಳಿ ಒಳಗಿದ್ದ ಕಾಳು, ಕೀಟಗಳನ್ನು ಎಣಿಸಿದ ಸಿ.ಡಬ್ಲ್ಯು. ಮೇಸನ್ ಅವರ ವರದಿ 1912ರಲ್ಲೇ ಬಂದಿತ್ತು. ಆ ಜಾಡು ಮುಂದುವರಿಯದೆ ನಿಂತದ್ದು ದುರದೃಷ್ಟ. ಸಲೀಂ ಅಲಿ ಕೊಂಕಣದಲ್ಲಿ ಹೂಕುಕ್ಕುವ, ಮಕರಂದ ಹೀರುವ ಹಕ್ಕಿಗಳು ಬಂದಳಿಕೆಯನ್ನು ಮರದಿಂದ ಮರಕ್ಕೆ ಹೇಗೆ ಹರಡುತ್ತವೆ ಎಂಬುದನ್ನು 1931ರಲ್ಲಿ ಪ್ರಕಟಿಸಿದರು. ಅಂದರೆ ಹಾನಿ ಕಂಡಲ್ಲಿ ಅದನ್ನೂ ಬರೆದರು. ಕೃಷಿ ಮತ್ತು ಹಕ್ಕಿಗಳ ನಂಟಿನ ಅಧ್ಯಯನ ಬೇಕೆಂದು ಅವರು ಹೇಳುತ್ತಲೇ ಬಂದರು. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಆ ಕುರಿತ ಅಖಿಲ ಭಾರತ ಯೋಜನೆಯನ್ನು ಆರಂಭಿಸುವಾಗ 1982 ಬಂದಿತ್ತು. ಹೊಲದ ಮೇಲೆ ಗಾಳಿಗೆ ಗುಯ್‌ಗುಡುತ್ತ ಮಿನುಗುವ ರಿಬ್ಬನ್ ಕಟ್ಟುವ ಉಪಾಯಕ್ಕೆ ಪ್ರಚಾರ ದೊರೆತದ್ದು ಇಂಥ ಅಧ್ಯಯನಗಳಿಂದ. ಹಕ್ಕಿ ಅದಕ್ಕೂ ಒಗ್ಗಿಕೊಳ್ಳುತ್ತದೆ ಎಂದು ರೈತರು ದೂರುವುದೂ ನಿಜ.

ಲೆಕ್ಕ ಕೇಳದೆ ಹೊರಟರೆ ಏನಾಗುತ್ತದೆಂಬುದಕ್ಕೆ ಚೀನಾ ನಿದರ್ಶನ. 1958ರಲ್ಲಿ ಅಲ್ಲಿ ಗುಬ್ಬಚ್ಚಿಯನ್ನು ನಾಲ್ಕು ಪೀಡೆಗಳಲ್ಲೊಂದೆಂದು ಘೋಷಿಸಿ ಜನರೆಲ್ಲ ಬೀದಿಗಿಳಿದು ಡಬ್ಬ ಬಡಿದು, ಗೂಡು ಕೆಡವಿ, ಹೊಡೆದು ಕೊಂದರು. ಕೀಟಗಳ ಹಾವಳಿ ಹೆಚ್ಚಿತು. 1960ರಲ್ಲಿ ಪಟ್ಟಿಯಿಂದ ಗುಬ್ಬಚ್ಚಿಯನ್ನು ತೆಗೆದು ತಿಗಣೆಯನ್ನು ಸೇರಿಸಲಾಯಿತು.

ಹಕ್ಕಿಗಳ ಮೇಲೆ ನಮ್ಮಲ್ಲೂ ಒಂದು ದೊಡ್ಡ ಆರೋಪ ಬಂದಿತ್ತು, ಅದೂ ಶಿವಮೊಗ್ಗದಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೆ ಜ್ವರ ತಗುಲಿ ಪತ್ತೆಯಾದ ರೋಗದ ವೈರಾಣು ರಷ್ಯಾದಲ್ಲಿ ಕಂಡುಬಂದಿದ್ದ ವೈರಾಣುಗಳನ್ನು ಹೋಲುತ್ತಿತ್ತು. ವಲಸೆ ಹಕ್ಕಿಗಳೇ ಉಣ್ಣೆಗಳ ಮೂಲಕ ಅದನ್ನು ಇಲ್ಲಿಗೆ ತಂದವೇ ಎಂಬ ಶಂಕೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ ಸಲೀಂ ಅಲಿಯವರ ನೇತೃತ್ವದಲ್ಲಿ ಸೊಸೈಟಿ ವಲಸೆ ಹಕ್ಕಿಗಳ ಅಧ್ಯಯನ ಕೈಗೊಂಡಿತು. ಇಲ್ಲಿ ಹೆಲಿಗೋಲೆಂಡಿನ ಪಾಠ ನೆರವಿಗೆ ಬಂತು. ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆಗಳಲ್ಲಿ ಹಕ್ಕಿಗಳನ್ನು ಹಿಡಿದು, ರಕ್ತ ಮತ್ತು ಉಣ್ಣೆಗಳ ಮಾದರಿ ತೆಗೆದು, ಕಾಲಿಗೆ ಅಲ್ಯೂಮಿನಿಯಂ ಉಂಗುರ ತೊಡಿಸಿ ಬಿಡಲಾಯಿತು. ಬಿಹಾರದ ಸಾಂಪ್ರದಾಯಿಕ ಹಕ್ಕಿ ಹಿಡಿಯುವವರು ಈ ಕೆಲಸದಲ್ಲಿ ನುರಿತ ಕೈಗಳಾದರು. ಭರತಪುರದಲ್ಲಿ ಉಂಗುರ ತೊಟ್ಟ ಬಾತುಗಳು ಮಧ್ಯ ಏಷ್ಯಾ ಮತ್ತು ಸೈಬೀರಿಯಾದಲ್ಲಿ ಸಿಕ್ಕಿ ವಲಸೆಯ ಹಾದಿಗಳು ನಕಾಶೆಯ ಮೇಲೆ ಮೂಡಿದವು. ಕ್ಯಾಸನೂರಿನ ರೋಗವನ್ನು ಹಕ್ಕಿಗಳು ತಂದವೆಂಬುದು ಸಾಬೀತಾಗಲಿಲ್ಲ.

ಎಂದೂ ತಪ್ಪದ ಗುರಿಕಾರ ಅವರೂ ಆಗಿರಲಿಲ್ಲ. ಭರತಪುರ 1982ರಲ್ಲಿ ರಾಷ್ಟ್ರೀಯ ಉದ್ಯಾನವಾದಾಗ ಎಮ್ಮೆಗಳ ಮೇವಿಗೆ ನಿಷೇಧ ಬಂತು. ದನಕರುಗಳು ಹಕ್ಕಿಗಳ ತಾಣಕ್ಕೆ ಮಾರಕವೆಂಬ ನಂಬಿಕೆ ಸಂರಕ್ಷಣಾವಾದಿಗಳದ್ದಾಗಿತ್ತು. ಸಲೀಂ ಅಲಿಯವರದೂ ಅದೇ ಅಭಿಪ್ರಾಯ. ಪ್ರತಿಭಟಿಸಿದ ಗ್ರಾಮಸ್ಥರ ಮೇಲೆ ನಡೆದ ಪೊಲೀಸ್ ಗೋಲಿಬಾರಿನಲ್ಲಿ ಜೀವಗಳು ಹೋದವು. ಆದರೆ ಅವರದೇ ಸೊಸೈಟಿಯ ವಿಜ್ಞಾನಿಗಳು 1980ರ ದಶಕದುದ್ದಕ್ಕೂ ನಡೆಸಿದ ಅಧ್ಯಯನ ಬೇರೆಯದನ್ನೇ ತೋರಿಸಿತು. ಎಮ್ಮೆಗಳು ಮೇಯದಿದ್ದಾಗ ಜೌಗುಹುಲ್ಲು ಬೆಳೆದು ನೀರನ್ನು ಮುಚ್ಚಿತ್ತು, ಬಾತುಗಳಿಗೆ ಈಜಲು ಜಾಗ ತಗ್ಗಿತ್ತು. ಉಪದ್ರವಿ ಎನಿಸಿಕೊಂಡ ಎಮ್ಮೆ ಕೆರೆಯನ್ನು ಕಾಯುತ್ತಿತ್ತು. ಅಧ್ಯಯನದ ಅಂತಿಮ ವರದಿ ಬರುವಷ್ಟರಲ್ಲಿ ಸಲೀಂ ಅಲಿ ಇರಲಿಲ್ಲ. ಗೀಜಗಕ್ಕೆ, ಗಿಳಿಗೆ ಕೇಳಿದ ಪೂರ್ಣ ಲೆಕ್ಕವನ್ನು ಎಮ್ಮೆಗೂ ಮೊದಲೇ ಕೇಳಿದ್ದರೆ ಎಂಬ ಪ್ರಶ್ನೆ ಈ ವರದಿಗಾರನನ್ನು ಬಿಡದೆ ಕಾಡುತ್ತದೆ.

ಕೊನೆಯ ವರ್ಷಗಳು

ಪ್ರಶಸ್ತಿಗಳ ಪಟ್ಟಿ ದೊಡ್ಡದು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ. ಪಾಲ್ ಗೆಟ್ಟಿ ಪ್ರಶಸ್ತಿಯೊಂದಿಗೆ ಬಂದ 50,000 ಡಾಲರ್ ಹಣ ಸೊಸೈಟಿಗೆ ಹೋಯಿತು. 1941ರಲ್ಲಿ ಬಂದ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಎಷ್ಟೋ ಮಧ್ಯಮವರ್ಗದ ಮನೆಗಳಲ್ಲಿ ದುರ್ಬೀನಿನ ಜತೆಗಿರುವ ಪುಸ್ತಕವಾಯಿತು. ಅಮೆರಿಕದ ಡಿಲ್ಲನ್ ರಿಪ್ಲೆ ಅವರೊಡನೆ ರಚಿಸಿದ ಹತ್ತು ಸಂಪುಟಗಳ ಕೈಪಿಡಿ 1968ರಿಂದ 1974ರ ನಡುವೆ ಪ್ರಕಟವಾಯಿತು. ಮೋಟಾರ್‌ಸೈಕಲ್ ಹುಚ್ಚು ಎಷ್ಟಿತ್ತೆಂದರೆ 1950ರಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ನಡೆದ ಪಕ್ಷಿವಿಜ್ಞಾನ ಸಮ್ಮೇಳನಕ್ಕೆ ತಮ್ಮ ಸನ್‌ಬೀಮ್ ಬೈಕನ್ನು ಹಡಗಿಗೆ ಹಾಕಿಸಿಕೊಂಡು ಹೋಗಿದ್ದರು.

1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಅದೇ ವರ್ಷ ಆತ್ಮಕಥೆ ಹೊರಬಂತು. ಅದಕ್ಕೆ ಅವರಿಟ್ಟ ಹೆಸರು ‘ದಿ ಫಾಲ್ ಆಫ್ ಎ ಸ್ಪ್ಯಾರೋ’. ಅಂದು ಪೊಟ್ಟಣ ಕಟ್ಟಿಕೊಂಡು ಹೋದ ಹಳದಿ ಕತ್ತಿನ ಗುಬ್ಬಿಯ ಪತನ ಅದು. 1987ರ ಜೂನ್ 20ರಂದು, ತೊಂಬತ್ತು ದಾಟಿದ್ದ ಸಲೀಂ ಅಲಿ ಮುಂಬಯಿಯಲ್ಲಿ ಕ್ಯಾನ್ಸರ್‌ನಿಂದ ನಿಧನರಾದರು. ಮೂರು ವರ್ಷಗಳ ನಂತರ ಕೊಯಮತ್ತೂರಿನಲ್ಲಿ ಅವರ ಹೆಸರಿನ ಪಕ್ಷಿವಿಜ್ಞಾನ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. 2016ರಲ್ಲಿ ಹಿಮಾಲಯದಲ್ಲಿ ಗುರುತಿಸಲಾದ ಹೊಸ ಪ್ರಭೇದದ ನೆಲಸಿಳ್ಳಾರವೊಂದಕ್ಕೆ ವಿಜ್ಞಾನಿಗಳು ಅವರ ಹೆಸರನ್ನಿಟ್ಟರು. ಅದನ್ನು ಬೇರೆ ಪ್ರಭೇದವೆಂದು ಮೊದಲು ತಿಳಿದದ್ದು ಅದರ ಹಾಡಿನಿಂದ. ಆ ಬಳಿಕ ವಸ್ತುಸಂಗ್ರಹಾಲಯಗಳ ಖಾನೆಗಳಲ್ಲಿ ಹಳೆಯ ಕಾಲದ ಸಂಗ್ರಾಹಕರು ಚೀಟಿ ಕಟ್ಟಿಟ್ಟಿದ್ದ ಒಣಚರ್ಮಗಳನ್ನು ತೆಗೆದು ಹೋಲಿಸಿ ನೋಡಲಾಯಿತು.